ಬೆಲ್ಲ ಕಚ್ಚುತ್ತಾ?

ನಾಯಿಮರಿಗೆ ಹೆಸರಿಡಲು ಪಂಚಾಂಗ ಬೇಕಿಲ್ಲ. ಅಡುಗೆಮನೆಗೆ ಹೋಗಿ ಡಬ್ಬಿಗಳನ್ನೊಮ್ಮೆ ನೋಡಿಕೊಂಡು, ಅವುಗಳಲ್ಲಿರುವ ಯಾವ ಪದಾರ್ಥದ ಹೆಸರನ್ನೂ ಇಡದಿದ್ದರೆ ಸಾಕು. ಎರಡಕ್ಷರದ ಹೆಸರಿಡಿ, ಕೂಗಿದರೆ ಕಿವಿಗೆ ಖಡಕ್ಕಾಗಿ ಬೀಳುವಂತಿರಲಿ ಎಂದು ನಾಯಿ ಸಾಕಿದವರೆಲ್ಲ ನಮಗೆ ಹೇಳಿದ್ದರು. ಡಬ್ಬಿಯ ವಿಷಯ ಮಾತ್ರ ಯಾರೂ ಹೇಳಿರಲಿಲ್ಲ.

ನಮ್ಮದು ಶಿರಸಿಯಿಂದ ಒಳಗೆ, ಅಡಿಕೆ ತೋಟದ ನೆತ್ತಿಯ ಮೇಲೆ ಕೂತ ಒಂಟಿ ಮನೆ. ತೋಟಕ್ಕೆ ಮಂಗ, ಗೆಣಸಿನ ಓಳಿಗೆ ಹಂದಿ, ರಾತ್ರಿ ಕೊಟ್ಟಿಗೆಯ ಹಿಂದೆ ಯಾರೋ ಮರ ಕೊಯ್ದಂಥ ಸದ್ದು. ನಾಯಿ ಬೇಕು ಎಂಬುದರಲ್ಲಿ ತಕರಾರಿರಲಿಲ್ಲ, ಯಾವ ನಾಯಿ ಎಂಬಲ್ಲಿತ್ತು. ನಮ್ಮನೆಯವರಿಗೆ ಮುಧೋಳ ನಾಯಿಯ ಕನಸು. ಬಾಗಲಕೋಟೆಯ ಬಯಲಿನಲ್ಲಿ ಮೊಲ ಅಟ್ಟಲು ಹುಟ್ಟಿದ ಆ ಉದ್ದಕಾಲಿನ ಜೀವ ನಮ್ಮ ತೋಟದ ಸಂಕ ದಾಟುವಾಗಲೇ ಹಳ್ಳಕ್ಕೆ ಬೀಳುತ್ತದೆ ಎಂದು ಮಾವ. ಮಗಳಿಗೆ ಲ್ಯಾಬ್ರಡಾರ್ ಆಸೆ. "ಅದು ಕಳ್ಳ ಬಂದ್ರೂ ಆಸರಿಗೆ ಕೊಟ್ಟು ಕಳಿಸ್ತು" ಎಂದು ಅದನ್ನೂ ಮಾವನೇ ಹೊಡೆದು ಹಾಕಿದರು. ಕೊನೆಗೆ ಕೆಳಗಿನ ಕೇರಿಯ ಕೊಟ್ಟಿಗೆಯಲ್ಲಿ ಹುಟ್ಟಿದ ಐದು ಮರಿಗಳಲ್ಲಿ ಒಂದು, ಎರಡು ತಿಂಗಳು ತುಂಬಿದ ಮೇಲೆ, ಅಡಿಕೆ ಚೀಲದಲ್ಲಿ ಕೂತು ಮೂತಿಯಷ್ಟನ್ನೇ ಹೊರಗಿಟ್ಟುಕೊಂಡು ನಮ್ಮನೆಗೆ ಬಂತು. ಬಣ್ಣ ಥೇಟು ಜೋನಿಬೆಲ್ಲದ್ದು. ಮಗಳು ಎತ್ತಿಕೊಂಡವಳೇ "ಬೆಲ್ಲ" ಎಂದಳು. ಚಂದದ ಹೆಸರು ಎಂದು ಎಲ್ಲರೂ ಒಪ್ಪಿದೆವು, ನಾನೂ ಒಪ್ಪಿದೆ. ಆ ಕ್ಷಣದಲ್ಲಿ ನನ್ನ ತಲೆಯಲ್ಲಿ ಏನಿತ್ತೋ ಗೊತ್ತಿಲ್ಲ.

ಏಕೆಂದರೆ ನಮ್ಮ ಕಡೆ ಮನೆಗೆ ಯಾರೇ ಬರಲಿ, ಅಡಿಕೆ ವ್ಯಾಪಾರಿ, ಅಂಚೆಯವ, ಮತ ಕೇಳುವವ, ಚಹಕ್ಕಿಂತ ಮೊದಲು "ಆಸರಿಗೆ ಬೇಕಾ?" ಎಂದು ಕೇಳಿ, ತಟ್ಟೆಯಲ್ಲಿ ಬೆಲ್ಲದ ತುಂಡು, ತಂಬಿಗೆಯಲ್ಲಿ ನೀರು ತಂದಿಡುತ್ತೇವೆ. ದಿನಕ್ಕೆ ನಾಲ್ಕು ಸಲ ಜಗಲಿಯಿಂದ ಒಳಗೆ ಕೂಗು ಹಾಕುವ ಶಬ್ದವೇ "ಬೆಲ್ಲ". ಅದನ್ನು ಬಿಟ್ಟರೆ ಸಾರಿಗೆ ಬೆಲ್ಲ, ಅಪ್ಪೆಹುಳಿಗೆ ಚೂರು ಬೆಲ್ಲ, ದೋಸೆಗೆ ಜೋನಿಬೆಲ್ಲ. ಮರಿ ಬಂದು ವಾರದೊಳಗೆ ಅತ್ತೆ ಒಲೆಯ ಮುಂದಿಂದ "ಬೆಲ್ಲ ಎಲ್ಲಿದ್ದೇ?" ಎಂದಾಗಲೆಲ್ಲ ಅದು ಹೊಸಿಲು ಹಾರಿ ಅಡುಗೆಮನೆಯ ನಡುವೆ ಹಾಜರಾಗತೊಡಗಿತು. ಕರೆದಾಗ ಬರುವುದನ್ನು ಕಲಿಸಲು ಕೆಲವರು ತಿಂಗಳುಗಟ್ಟಲೆ ಒದ್ದಾಡುತ್ತಾರಂತೆ. ನಮ್ಮದು ಕರೆಯದಿದ್ದಾಗಲೂ ಬರುತ್ತಿತ್ತು.

ಮೊದಲ ದೊಡ್ಡ ಅನಾಹುತ ಅದಕ್ಕೆ ಐದು ತಿಂಗಳಾದಾಗ ಆಯಿತು. ಅದು ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ಕಾಲ. ಮರಿಗೆ ಇಪ್ಪತ್ತೆಂಟು ಹಾಲುಹಲ್ಲು, ಬೆಳೆದ ನಾಯಿಗೆ ನಲವತ್ತೆರಡು. ಇಪ್ಪತ್ತೆಂಟರಿಂದ ನಲವತ್ತೆರಡಕ್ಕೆ ಹೋಗುವ ದಾರಿಯಲ್ಲಿ ನಮ್ಮನೆಯ ಮೂರು ಜೋಡಿ ಚಪ್ಪಲಿ, ಒಂದು ಪೊರಕೆ, ಮಾವನ ಬೆತ್ತದ ಹಿಡಿಕೆ ಹೋದವು. ಒಸಡು ತುರಿಸುವಾಗ ಬೈದು ಫಲವಿಲ್ಲ, ಕಚ್ಚಬಹುದಾದ್ದೊಂದನ್ನು ಬಾಯಿಗೆ ಕೊಟ್ಟು ಕಚ್ಚಬಾರದ್ದನ್ನು ಮಾಡಿನ ಮೇಲಿಡಬೇಕು. ಗಂಟು ಹಾಕಿದ ಹಳೇ ಪಂಚೆಯ ತುಂಡೊಂದು ನಮ್ಮಲ್ಲಿ ಚೆನ್ನಾಗಿ ಕೆಲಸ ಮಾಡಿತು. ಆದರೆ ಹಳೇ ಪಂಚೆ ಯಾವುದು, ಹೊಸ ಪಂಚೆ ಯಾವುದು ಎಂಬ ವಿವೇಕವನ್ನು ನಾಯಿಗೆ ಯಾರು ಕಲಿಸುತ್ತಾರೆ?

ಅಂದು ದೂರದ ಊರಿನಿಂದ ಹಿರಿಯರೊಬ್ಬರು ಮದುವೆಯ ಕರೆ ಹೇಳಲು ಬಂದಿದ್ದರು. ನೀಲಿ ಹಾಕಿ ಒಗೆದ ಬಿಳಿ ಪಂಚೆ. ಮಾವ ಜಗಲಿಯಿಂದ ಎಂದಿನಂತೆ "ಬೆಲ್ಲ-ನೀರು ತಗಂಬಾರೇ" ಎಂದು ಕೂಗಿದರು. ನಾನು ತಟ್ಟೆ ಹಿಡಿದು ಹೊರಬರುವಷ್ಟರಲ್ಲಿ ತೋಟದ ಕಾದಿಗೆಯಲ್ಲಿ ಕಪ್ಪೆ ಹುಡುಕುತ್ತಿದ್ದ ನಮ್ಮ ಬೆಲ್ಲ ಬಂದಾಗಿತ್ತು. ಮುಂದಿನ ಎರಡು ಕಾಲು ಅತಿಥಿಗಳ ತೊಡೆಯ ಮೇಲೆ, ಹಿಂದಿನ ಎರಡು ಅವರ ಕೈಚೀಲದ ಮೇಲೆ. ಮಗಳು ಒಳಗಿನಿಂದ ಓಡಿ ಬರುತ್ತ "ಬೆಲ್ಲ ಬೇಡ! ಬೆಲ್ಲ ಬೇಡ!" ಎಂದು ಕಿರುಚಿದಳು. ಆಗಷ್ಟೇ ತಟ್ಟೆಗೆ ಕೈ ಹಾಕಿದ್ದ ಅವರು ಪಾಪ, ಎತ್ತಿಕೊಂಡ ತುಂಡನ್ನು ಮೆಲ್ಲಗೆ ವಾಪಸು ಇಟ್ಟುಬಿಟ್ಟರು. ನಾನು ನಾಯಿಯನ್ನು ತೋರಿಸಿ ಹೆಸರಿನ ಗೊಂದಲ ಬಿಡಿಸಿ ಹೇಳಿದೆ. ಅವರಿಗೆ ಅರ್ಥವಾಯಿತು. ಎರಡೂ ಕಾಲನ್ನು ಬೆಂಚಿನ ಮೇಲೆ ಎತ್ತಿಟ್ಟುಕೊಂಡು, ತುಸು ಅಳುಕಿ, ಮಾವನ ಕಡೆ ತಿರುಗಿ ಕೇಳಿದರು: "ಬೆಲ್ಲ ಕಚ್ತಾ?"

ಮಾವನಿಗೆ ಕಿವಿ ಸ್ವಲ್ಪ ಮಂದ. ಈ ಗಲಾಟೆಯಲ್ಲಿ ಅವರ ಗಮನ ತಟ್ಟೆಯ ಮೇಲೆಯೇ ಇತ್ತು. "ಕಚ್ಚದೇ ಸೈ! ಕಚ್ಚದೇ ಹಾಂಗೇ ನುಂಗಲೆ ಬತ್ತಾ?" ಎಂದರು.

ಮದುವೆಯ ಕರೆ ಅಂಗಳದಲ್ಲಿ ನಿಂತೇ ಮುಗಿಯಿತು.

ಮೇಲೆ ಹಾರುವ ನಾಯಿಗೆ ಏನು ಮಾಡಬೇಕೆಂದು ಶಿರಸಿಯ ಪಶುವೈದ್ಯರನ್ನು ಕೇಳಿದೆ. ಏನೂ ಮಾಡಬೇಡಿ ಎಂದರು, ಅದೇ ಮದ್ದು. ಹಾರಿದಾಗ ಬೆನ್ನು ತಿರುಗಿಸಿ ನಿಲ್ಲಿ, ಮುಟ್ಟಬೇಡಿ, ಮಾತಾಡಬೇಡಿ. ಬೈಯುವುದೂ ಕೈಯಿಂದ ದೂಡುವುದೂ ನಾಯಿಯ ಲೆಕ್ಕದಲ್ಲಿ ಮಾತಾಡಿಸಿದಂತೆಯೇ. ನಾಲ್ಕೂ ಕಾಲು ನೆಲಕ್ಕೆ ತಾಗಿದ ಕೂಡಲೇ ಹೊಗಳಿ, ಏನಾದರೂ ತಿನ್ನಲು ಕೊಡಿ. ಆ 'ಕೂಡಲೇ' ಎಂಬುದು ಮುಖ್ಯ. ಒಂದೆರಡು ಸೆಕೆಂಡು ತಡವಾದರೂ ನೀವು ಯಾವುದಕ್ಕೆ ಸಂಬಳ ಕೊಟ್ಟಿರಿ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಮತ್ತೆ, ಮನೆಯವರೆಲ್ಲ ಹೀಗೇ ಮಾಡಬೇಕು. ಒಬ್ಬರು ತಪ್ಪಿದರೂ ಹೋಯಿತು.

ನಮ್ಮನೆಯಲ್ಲಿ ಐದು ಜನ, ಐದು ಕಾನೂನು. ನಾವು ಐವರೂ ಒಂದು ವಾರ ಬೆನ್ನು ತಿರುಗಿಸಿ ನಿಂತೆವು, ಅದೂ ಆಯಿತು. ಬರುವ ನೆಂಟರನ್ನು ಏನು ಮಾಡೋಣ? ಮೈಮೇಲೆ ನಾಯಿ ಹಾರಿದರೆ ಮನುಷ್ಯ ಮಾಡುವ ಮೊದಲ ಕೆಲಸ, ಕೈಲಿದ್ದ ಬೆಲ್ಲವನ್ನು ಅದರ ಕಡೆ ಎಸೆದು ಪ್ರಾಣ ಉಳಿಸಿಕೊಳ್ಳುವುದು. ಹೀಗಾಗಿ ಅದರ ಪಾಠ ಸ್ಪಷ್ಟವಾಗಿತ್ತು: ಯಾರೋ ಬರುತ್ತಾರೆ, ನನ್ನ ಹೆಸರು ಕೂಗುತ್ತಾರೆ, ನಾನು ಹಾರುತ್ತೇನೆ, ನನ್ನ ಹೆಸರಿನದೇ ಒಂದು ಸಿಹಿ ತುಂಡು ಬಾಯಿಗೆ ಬೀಳುತ್ತದೆ. ಇದಕ್ಕಿಂತ ಶಿಸ್ತಿನ ಶಿಕ್ಷಣ ನಾನು ಓದಿದ ಯಾವ ಶಾಲೆಯಲ್ಲೂ ಸಿಕ್ಕಿರಲಿಲ್ಲ. "ಬೆಲ್ಲಕ್ಕೆ ಬೆಲ್ಲ ಕೊಡಬೇಡಿ, ಹಲ್ಲೂ ಹಾಳು, ಮೈಯೂ ಬರುತ್ತದೆ" ಎಂದು ಡಾಕ್ಟರು ಹೇಳಿದಾಗ ಅವರ ಸಹಾಯಕ ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ನಮ್ಮನ್ನೇ ನೋಡಿದ. ರೇಬೀಸ್ ಲಸಿಕೆಯ ಕಾರ್ಡಿನಲ್ಲಿ ಅವನು 'ಹೆಸರು' ಎಂಬಲ್ಲಿ ಬರೆದದ್ದು 'ಬೆಲ್ಲ', 'ಬಣ್ಣ' ಎಂಬಲ್ಲಿ ಬರೆದದ್ದು 'ಬೆಲ್ಲ'. ಮರಿಗೆ ಮೂರು ತಿಂಗಳು ತುಂಬಿದಾಗ ಮೊದಲ ಸಲ ಹಾಕಿಸಿದ ಮೇಲೆ ವರ್ಷ ವರ್ಷವೂ ತೋರಿಸಬೇಕಾದ ಕಾರ್ಡು ಅದು. ಈಗಲೂ ಹಾಗೇ ಇದೆ.

'ಕೂರು' ಎಂಬುದನ್ನು ಕಲಿಸಿದ ಕಥೆ ಬೇರೆ. ಮಗಳು "ಸಿಟ್" ಎನ್ನುತ್ತಿದ್ದಳು. ನಮ್ಮನೆಯವರು ಪೊಲೀಸ್ ನಾಯಿಗೆ ಹೇಳುವಂತೆ "ಬೈಠ್" ಎನ್ನುತ್ತಿದ್ದರು. ನಾನು "ಕೂತ್ಕೋ", ಅತ್ತೆ "ಕೂತ್ಗ", ಮಾವ ಎಲ್ಲದಕ್ಕೂ "ಹಚಾ". ನಾಯಿ ಅರ್ಧ ಕೂತು, ಅರ್ಧ ಎದ್ದು, ಒಬ್ಬೊಬ್ಬರ ಮುಖವನ್ನೂ ನೋಡಿ ಕೊನೆಗೆ ಎದ್ದು ಕೊಟ್ಟಿಗೆಗೆ ಹೋಗಿಬಿಡುತ್ತಿತ್ತು. ಮೇಲಿಂದ ಅತ್ತೆಯದೊಂದು ಆಕ್ಷೇಪ: "ಹಗಲಿಡೀ ಅದರ ಎದುರು ಸಿಟ್ಟು ಸಿಟ್ಟು ಹೇಳಿ ಕೂಗಿರೆ ಅದಕ್ಕೆ ಸಿಟ್ಟು ಬರದ್ದೆ ಇರ್ತಾ?" ಒಂದು ರಾತ್ರಿ ಊಟದ ಮೇಲೆ ಸಭೆ ಸೇರಿ ಒಂದೇ ಶಬ್ದ ಎಂದು ತೀರ್ಮಾನಿಸಿದೆವು. ಬಹುಮತ ಅತ್ತೆಯ "ಕೂತ್ಗ"ಕ್ಕೆ ಬಂತು. ಮೂಗಿನ ಮುಂದೆ ದೋಸೆಯ ಚೂರು ಹಿಡಿದು ಮೆಲ್ಲಗೆ ತಲೆಯ ಮೇಲಿಂದ ಹಿಂದಕ್ಕೆ ಒಯ್ದರೆ, ತಲೆ ಮೇಲೆತ್ತುತ್ತ ಹಿಂಭಾಗ ತಾನಾಗಿ ನೆಲಕ್ಕೆ ಕೂರುತ್ತದೆ. ಆ ಹೊತ್ತಿಗೆ "ಕೂತ್ಗ" ಎಂದು ಚೂರು ಕೊಟ್ಟರಾಯಿತು. ಒಮ್ಮೆಗೆ ಐದು ನಿಮಿಷಕ್ಕಿಂತ ಹೆಚ್ಚು ಪಾಠ ಬೇಡ. ನಾಲ್ಕೇ ದಿನದಲ್ಲಿ ಕಲಿಯಿತು. ಈಗ ಯಾರಾದರೂ ಬಂದು, ಅತ್ತೆ ಮರ್ಯಾದೆಯಿಂದ "ಕೂತ್ಗಳಿ" ಎಂದರೆ ಮೊದಲು ಅದೇ ಕೂರುತ್ತದೆ, ಬಂದವರು ಅದನ್ನು ನೋಡಿ ನಿಂತೇ ಇರುತ್ತಾರೆ.

ನಿಜವಾದ ಶಿಕ್ಷಣತಜ್ಞ ಮಾತ್ರ ಮಾವ, ಅವರಿಗೇ ಗೊತ್ತಿಲ್ಲದೆ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ದೇವರ ಕೋಣೆಯಲ್ಲಿ ನೈವೇದ್ಯದ ಘಂಟೆ. ಅದಾದ ಮೇಲೆ ಹಿತ್ತಿಲ ಬಾಗಿಲಲ್ಲಿ ನಾಯಿಗೆ ಅನ್ನ-ಮಜ್ಜಿಗೆ. ಮೂರು ವಾರದಲ್ಲಿ ಘಂಟೆಯ ಸದ್ದಿಗೆ ಅದು ಬಾಗಿಲಲ್ಲಿ ಬಂದು ಕೂತು ದಾರದಂತೆ ಜೊಲ್ಲು ಇಳಿಬಿಡತೊಡಗಿತು. ಮಗಳು ವಿಜ್ಞಾನದ ಪುಸ್ತಕ ತಂದು ಪಾವ್ಲೋವ್ ಎಂಬ ರಷ್ಯನ್ ವಿಜ್ಞಾನಿ ಇದನ್ನೇ ನಾಯಿಗಳ ಮೇಲೆ ಮಾಡಿ ತೋರಿಸಿದ್ದ, ಜೀರ್ಣಕ್ರಿಯೆಯ ಅಧ್ಯಯನಕ್ಕೆ 1904ರಲ್ಲಿ ಅವನಿಗೆ ನೊಬೆಲ್ ಕೂಡ ಬಂದಿತ್ತು ಎಂದು ಅಜ್ಜನಿಗೆ ವಿವರಿಸಿದಳು. ಮಾವ ಕೊನೆಯವರೆಗೆ ಕೇಳಿಸಿಕೊಂಡು, "ಅವಂಗೆ ಜೊಲ್ಲು ಕಂಡ್ತು, ಅಷ್ಟೇಯ. ಭಕ್ತಿ ಕಾಣಲೆ ಬೇರೆ ಕಣ್ಣು ಬೇಕು" ಎಂದರು. ಆಮೇಲೊಮ್ಮೆ ಸೂತಕ ಬಂದು ಹತ್ತು ದಿನ ಘಂಟೆ ಬಾರಿಸಲಿಲ್ಲ. ಹತ್ತು ದಿನವೂ ಅದು ಹನ್ನೊಂದಕ್ಕೆ ಬಂದು ದೇವರ ಕೋಣೆಯ ಕಡೆ ಮುಖ ಮಾಡಿ ಕೂತಿತು. ಮಾವ ನಮ್ಮೆಲ್ಲರ ಕಡೆ ಒಂದು ನೋಟ ಬೀರಿದರೇ ಹೊರತು ಏನೂ ಹೇಳಲಿಲ್ಲ.

ಅತ್ತೆಗೂ ತಮ್ಮ ಪಾಲಿನ ಗೆಲುವು ಸಿಕ್ಕಿತು. ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ, ರಕ್ತದ ಕೆಂಪುಕಣ ಒಡೆದು ಹೋಗುತ್ತವೆ ಎಂದು ಡಾಕ್ಟರು ಹೇಳಿದ್ದನ್ನು ನಾನು ಮನೆಗೆ ಬಂದು ಹೇಳಿದೆ. ಮೂವತ್ತು ವರ್ಷದಿಂದ ತಾವು ಬೇಡವೆಂದ ಪದಾರ್ಥಗಳ ಮೇಲೆ ವೈದ್ಯಶಾಸ್ತ್ರದ ಮೊಹರು ಬಿದ್ದದ್ದು ಕೇಳಿ ಅವರ ಮುಖ ಅರಳಿತು. "ನೋಡು, ನಾಯಿಗೂ ಗೊತ್ತಿದ್ದು" ಎಂದರು. ಆದರೆ ಒಣದ್ರಾಕ್ಷಿಯೂ ಕೊಡಬಾರದು, ಕಿಡ್ನಿಗೆ ಪೆಟ್ಟು ಎಂದಾಗ, ಹಾಗಾದರೆ ಹಬ್ಬದ ಪಾಯಸ ಹೇಗೆ ಎಂದು ಯೋಚನೆಗೆ ಬಿದ್ದರು. ಚಾಕಲೇಟು ಕೂಡದು ಎಂಬುದಕ್ಕೆ ಮಗಳು ತಕ್ಷಣ ಒಪ್ಪಿದಳು. ಹಂಚಿಕೊಳ್ಳುವ ಪ್ರಶ್ನೆಯೇ ಉಳಿಯಲಿಲ್ಲವಲ್ಲ.

ಅಡಿಕೆಯ ವಿಷಯದಲ್ಲಿ ಮಾತ್ರ ನಾವೆಲ್ಲ ತಲೆ ತಗ್ಗಿಸಬೇಕಾಯಿತು. ಕೊನೆಕೊಯ್ಲಿನ ದಿನ ಅಂಗಳದಲ್ಲಿ ಸುರಿದ ರಾಶಿಯಿಂದ ಅದು ಒಂದೆರಡು ಹಣ್ಣಡಿಕೆ ಎತ್ತಿಕೊಂಡು ಹೋಗಿ, ಸಿಪ್ಪೆ ಬಿಡಿಸಿ, ನುರಿತ ಸುಲಿಯುವವರಂತೆ ಕೂತು ಅಗಿಯಿತು. ನಾವು ನಿಂತು ನಕ್ಕೆವು. ಅರ್ಧ ಗಂಟೆಗೆ ಜೊಲ್ಲು, ವಾಂತಿ, ಆಮೇಲೆ ಹೇಳಬಾರದ್ದು. ಫೋನಿನಲ್ಲಿ ಕೇಳಿದರೆ ಡಾಕ್ಟರು ಹೇಳಿದ್ದಿಷ್ಟು: ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ಅಂಶವನ್ನೇ ಹಿಂದಿನ ಕಾಲದಲ್ಲಿ ನಾಯಿಗಳ ಹೊಟ್ಟೆಯ ಲಾಡಿಹುಳು ಕೆಡವಲು ಬಳಸುತ್ತಿದ್ದರು. ಹುಳುವಿನ ಜೊತೆ ನಾಯಿಯೂ ಸುಸ್ತಾಗುತ್ತಿತ್ತು, ಅದಕ್ಕೇ ಬಿಟ್ಟರು, ಈಗ ಒಳ್ಳೆಯ ಮಾತ್ರೆಗಳಿವೆ. ಕೂಡಲೇ ಕರೆತನ್ನಿ. ಕರೆದೊಯ್ದೆವು, ಸಂಜೆಗೆ ಚೇತರಿಸಿತು. ಮಾವ ಆ ರಾತ್ರಿ ಕವಳದ ಬಟ್ಟಲನ್ನು ಮುಂದಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ಹಾಕಿಕೊಂಡರು.

ಉಣುಗಿನ ಮಾತು ನಗೆಯದ್ದಲ್ಲ. ಸೊರಬ ನಮ್ಮ ಪಕ್ಕದ ತಾಲೂಕು, ಅಲ್ಲಿಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಂಡ ಮಂಗನ ಕಾಯಿಲೆ ಉಣುಗಿನಿಂದಲೇ ಮನುಷ್ಯರಿಗೆ ಬರುವುದು. ಶಿರಸಿ, ಸಿದ್ದಾಪುರದ ಕಡೆಯವರಿಗೆ ಚಳಿಗಾಲ ಮುಗಿಯುವ ಹೊತ್ತಿಗೆ ಕಾಡಿಗೆ ಕಾಲಿಡಲು ಹಿಂಜರಿಕೆ. ಸೊಪ್ಪಿನ ಬೆಟ್ಟದಲ್ಲಿ ತಿರುಗಿ ಬಂದ ನಾಯಿ ಮೈತುಂಬ ಏನೇನು ಹೊತ್ತು ತರುತ್ತದೋ. ನಾಯಿಗೂ ಉಣುಗಿನ ಜ್ವರ ಬೇರೆಯೇ ಇದೆ. ಸೀಮೆಎಣ್ಣೆ ಬಿಡು, ಬೀಡಿ ತಾಗಿಸು ಎಂಬ ಹಳೆಯ ಮದ್ದೆಲ್ಲ ಬೇಡ. ಕೈಗೆ ಗವಸು ಹಾಕಿ, ಚಿಮ್ಮಟದಲ್ಲಿ ಚರ್ಮಕ್ಕೆ ತೀರ ಹತ್ತಿರ ಹಿಡಿದು, ಹಿಚುಕದೆ, ತಿರುಚದೆ ನೇರ ಎಳೆಯಬೇಕು. ಕಿವಿಯ ಒಳಗೆ, ಬೆರಳ ಸಂದಿ, ಕೊರಳಪಟ್ಟಿಯ ಅಡಿ ಬಿಡದೆ ನೋಡಬೇಕು. ಈ ಕೆಲಸ ನನ್ನ ಪಾಲಿಗೆ ಬಂದಿದೆ. ಸಂಜೆ ದೀಪ ಹಚ್ಚುವ ಮುಂಚೆ ಅದು ನನ್ನ ಕಾಲ ಮೇಲೆ ತಲೆಯಿಟ್ಟು, ತಾನೇ ಒಂದು ಕಿವಿ ಮಗುಚಿ ಕೊಡುತ್ತದೆ. ಮುಗಿದ ಮೇಲೆ ಇನ್ನೊಂದು.

ಸ್ನಾನಕ್ಕೆ ಈ ಸಹಕಾರವಿಲ್ಲ, ತಪ್ಪು ನನ್ನದೇ. ಮೊದಲ ಮೂರು ಸಲ ಜೇನಿನಂಥ ದನಿಯಲ್ಲಿ "ಬೆಲ್ಲಾ, ಬಾರೋ" ಎಂದು ಕರೆದು, ಬಂದ ಕೂಡಲೇ ಬಚ್ಚಲಿಗೆ ಎಳೆದೆ. ನಾಲ್ಕನೆಯ ಸಲ ಜೇನಿನ ದನಿ ಕೇಳಿದ್ದೇ ಹುಲ್ಲಿನ ಬಣವೆಯ ಅಡಿ ಸೇರಿತು. ಅದಕ್ಕೆ ಇಷ್ಟವಿಲ್ಲದ ಕೆಲಸಕ್ಕೆ ಹೆಸರು ಹಿಡಿದು ಕರೆಯಬಾರದು, ನಾವೇ ಹೋಗಿ ಕರೆತರಬೇಕು ಎಂದು ನನಗೆ ತಿಳಿದದ್ದು ಆಗ. ಈಗ ನಾನು ಯಾರನ್ನಾದರೂ ಪ್ರೀತಿಯಿಂದ ಮಾತಾಡಿಸಿದರೂ ಅದು ಬಣವೆಯ ಕಡೆ ನೋಡುತ್ತದೆ. ನಮ್ಮನೆಯವರೂ ನೋಡುತ್ತಾರೆ, ಆ ಮಾತು ಬೇರೆ. ಮಳೆಗಾಲದಲ್ಲಂತೂ ಒದ್ದೆ ಮೈಯಲ್ಲಿ ಬಂದು ಬಚ್ಚಲ ಒಲೆಯ ಬೂದಿಯಲ್ಲಿ ಮಲಗಿ ಭಸ್ಮಧಾರಿಯಾಗಿ ಏಳುವ ಪ್ರಾಣಿಗೆ ಸ್ನಾನ ಎಷ್ಟು ಮಾಡಿಸಿದರೂ ಅಷ್ಟೇ. ನಾವು ಹಚ್ಚುವ ಸೋಪು ಅದರ ಚರ್ಮಕ್ಕೆ ಹೊಂದದು, ಒಣಗಿ ತುರಿಕೆ ಹಿಡಿಯುತ್ತದೆ. ತಿಂಗಳಿಗೊಮ್ಮೆ ನಾಯಿಯದೇ ಶಾಂಪೂ ಹಾಕಿ, ಕಿವಿ ಮತ್ತು ಬೆರಳ ಸಂದಿ ಒರೆಸಿ ಒಣಗಿಸಿದರೆ ಸಾಕು.

ಮೊದಲು ಅಂಗಳದಲ್ಲೇ ಇರಬೇಕಾದ ನಾಯಿ ಅದು, ಅತ್ತೆಯ ಕರಾರು. ಮಳೆ ಬಂತು, ಜಗಲಿಗೆ ಏರಿತು. ಆಚೆ ಮನೆಯ ನಾಯಿಯನ್ನು ಚಿರತೆ ಹೊತ್ತೊಯ್ದ ರಾತ್ರಿ ಅತ್ತೆಯೇ ಎದ್ದು ಬಾಗಿಲು ತೆರೆದು ಒಳಗೆ ಕರೆದು, ಬೆಳಿಗ್ಗೆ ನಮ್ಮ ಮೇಲೆ ಹೊರಿಸಿದರು. ಈಗ ಅವರ ಮಂಚದ ಅಡಿಯೇ ಅದರ ಮನೆ.

ಈ ಸಲಿಗೆಯೇ ಹಪ್ಪಳದ ಪ್ರಕರಣಕ್ಕೆ ಮೂಲ. ಹಲಸಿನ ಕಾಯಿಯ ಕಾಲದಲ್ಲಿ ಮೂರು ದಿನ ಬೇಯಿಸಿ, ಕುಟ್ಟಿ, ಒತ್ತಿದ ಹಪ್ಪಳ ಅಂಗಳದ ಚಾಪೆಗಳ ಮೇಲೆ ಒಣಗುತ್ತಿತ್ತು. ಕಾಗೆ ಓಡಿಸಲು ಅತ್ತೆ ಬೆಲ್ಲನನ್ನು ಚಾಪೆಯ ಪಕ್ಕ ಕೂರಿಸಿ, "ಕೂತ್ಗ, ಹಪ್ಪಳ ನೋಡ್ಕ್ಯ" ಎಂದು ಹೇಳಿ ಒಳಗೆ ಹೋದರು. ಕೂತ್ಗ ಎಂಬುದಷ್ಟೇ ಅದಕ್ಕೆ ಗೊತ್ತಿದ್ದ ಭಾಗ. ಕೂತಿತು. ಎಷ್ಟು ಹೊತ್ತು ಕೂರಬೇಕು ಎಂಬುದನ್ನು ನಾವು ಯಾವತ್ತೂ ಕಲಿಸಿರಲಿಲ್ಲ. ಕಾಗೆ ಬಂದಾಗ ಅದು ಕರ್ತವ್ಯನಿಷ್ಠೆಯಿಂದಲೇ ಎದ್ದದ್ದು, ಇದನ್ನು ಅದರ ಪರವಾಗಿ ಹೇಳಲೇಬೇಕು. ಚಾಪೆಯ ಈ ತುದಿಯಿಂದ ಆ ತುದಿಗೆ ಓಡಿತು, ಇನ್ನೊಂದು ಕಾಗೆಗೆ ಆ ತುದಿಯಿಂದ ಈ ತುದಿಗೆ. ನಾವು ನೋಡಿದಾಗ ಕಾಗೆ ಒಂದು ಹಪ್ಪಳವನ್ನೂ ಒಯ್ದಿರಲಿಲ್ಲ. ಅರ್ಧದಷ್ಟರ ಮೇಲೆ ನಾಲ್ಕು ಬೆರಳು, ಒಂದು ಅಂಗೈ, ಮುದ್ರೆ ಒತ್ತಿದಂತೆ ಅಚ್ಚುಕಟ್ಟಾಗಿ ಮೂಡಿತ್ತು.

ಅತ್ತೆ ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ಎರಡು ರಾಶಿ ಮಾಡಿದರು. ಮುದ್ರೆಯ ರಾಶಿಯನ್ನು ಏನು ಮಾಡುವುದೆಂದು ನಾನು ಕೇಳಿದೆ. "ಅದಕ್ಕೇ ಕರಿದು ಹಾಕನ" ಎಂದರು. ಎಣ್ಣೆಯದ್ದು, ಉಪ್ಪು-ಖಾರದ್ದು ನಾಯಿಗೆ ಒಳ್ಳೆಯದಲ್ಲ ಎಂದೆ. ಅತ್ತೆ ಸ್ವಲ್ಪ ಯೋಚಿಸಿದರು. "ಹಂಗಾರೆ ಬೆಂಗಳೂರಿಗೆ ಕಳ್ಸುಲಾತು, ಕರ್ದ ಮೇಲೆ ಎಲ್ಲ ಒಂದೇಯ." ಬೆಂಗಳೂರಿನಲ್ಲಿ ಇರುವುದು ನನ್ನ ತಂಗಿ. ನಾನು ಬಾಯಿ ಬಿಡುವ ಮೊದಲೇ ಅವರು ನಕ್ಕು ರಾಶಿಯನ್ನು ಕೊಟ್ಟಿಗೆಯ ಬಾನಿಗೆ ಹಾಕಿದರು. ಅಂತೂ ಆ ವರ್ಷ ತಂಗಿಗೆ ಹಪ್ಪಳ ಕಳಿಸುವಾಗ ಪ್ರತಿಯೊಂದನ್ನೂ ತಿರುಗಿಸಿ ನೋಡಿದೆ.

ಹೆಸರು ಬದಲಿಸಲು ಪ್ರಯತ್ನಿಸಲಿಲ್ಲವೆಂದಲ್ಲ. 'ಟೈಗರ್' ಎಂದು ಹದಿನೈದು ದಿನ ಕರೆದೆವು. ಹೊಸ ಹೆಸರಿನ ಜೊತೆಗೆ ತಿನಿಸು ಕೊಡುತ್ತ ಹೋದರೆ ನಾಯಿ ಒಗ್ಗುತ್ತದಂತೆ, ನಮ್ಮದೂ ಒಗ್ಗುತ್ತಿತ್ತು. ಆದರೆ ದಿನಕ್ಕೆ ನಾಲ್ಕು ಸಲ ಜಗಲಿಯಿಂದ ಹಳೆಯ ಹೆಸರು ಕೇಳುತ್ತಿದ್ದರೆ ಹೊಸದಕ್ಕೆ ಬೆಲೆ ಎಲ್ಲಿ? ಕೊನೆಗೆ ಸೋತು ನಾಯಿಯ ಹೆಸರನ್ನು ಬಿಟ್ಟು ಬೆಲ್ಲದ ಹೆಸರನ್ನು ಬದಲಿಸಿದೆವು. ಡಬ್ಬಿಯಲ್ಲಿರುವುದು ಈಗ 'ಅದು'. "ಆಸರಿಗೆ ಅದು ತಗಂಬಾ." "ಸಾರಿಗೆ ಅದು ಹಾಕಿದ್ಯನೇ?" ಮೊದಮೊದಲು ನಾಲಗೆ ತಪ್ಪುತ್ತಿತ್ತು. ತಪ್ಪಿದಾಗಲೆಲ್ಲ ಯಾರದಾದರೂ ಪಂಚೆಗೋ ಸೀರೆಗೋ ಕೆಸರು ಬೀಳುತ್ತಿತ್ತು. ಎರಡೇ ತಿಂಗಳಲ್ಲಿ ಐವರೂ ಚೆನ್ನಾಗಿ ಪಳಗಿದೆವು.

ಕಳೆದ ಚೌತಿಯ ಮರುದಿನ ಮಾವನನ್ನೂ ಕರೆದುಕೊಂಡು ದೇವಿಮನೆ ಘಟ್ಟ ಇಳಿದು ಕುಮಟೆಯಲ್ಲಿರುವ ನನ್ನ ತವರಿಗೆ ಹೋಗಿದ್ದೆವು. ಅಲ್ಲಿ ನಾಯಿಯಿಲ್ಲ, ಬೆಕ್ಕೂ ಇಲ್ಲ. ಘಟ್ಟದ ಕೆಳಗಿನ ಸೆಕೆಗೆ ಬೆವರಿ ಕೂತ ಮಾವನ ಮುಂದೆ ನನ್ನ ಅಣ್ಣ ನೀರಿನ ತಂಬಿಗೆ ಇಟ್ಟು, ಆಸರಿಗೆ ಏನು ತರಲಿ ಎಂದು ಕೇಳಿದ.

"ಅದು ಇದ್ರೆ ಚೂರು ತಾ" ಎಂದರು ಮಾವ.

"ಅದು ಹೇಳ್ರೆ ಎಂತದು?"

ಮಾವ ಒಮ್ಮೆ ಬಾಗಿಲ ಕಡೆ ನೋಡಿದರು, ಒಮ್ಮೆ ಬೆಂಚಿನ ಅಡಿ ಬಗ್ಗಿ ನೋಡಿದರು. ಆಮೇಲೆ ಎರಡೂ ಕಾಲನ್ನು ಮೇಲೆತ್ತಿ ಇಟ್ಟುಕೊಂಡು, ಅಣ್ಣನನ್ನು ಹತ್ತಿರ ಕರೆದು ಅವನ ಕಿವಿಯಲ್ಲಿ ಹೇಳಿದರು.